ಪಟ್ಟಿಯಲ್ಲಿ ಹಿಟ್ಟಿದೆ, ಗಿರಣಿ ಇಲ್ಲ

ಸಂಪಾದಕರಿಗೆ,

ಮಾನ್ಯರೇ,

ಬಿಸ್ಕತ್ತಿನ ಪೊಟ್ಟಣದ ಬೆನ್ನಿಗಿರುವಂಥ ಪದಾರ್ಥಪಟ್ಟಿ ಸಾಫ್ಟ್‌ವೇರ್‌ಗೂ ಬೇಕು ಎಂಬುದು ಮುಂಬೈ-ಪುಣೆಯ ಕಂಪನಿಗಳಲ್ಲಿ ಈಗ ಬರೀ ಮಾತಾಗಿ ಉಳಿದಿಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಆಗಸ್ಟ್ 20ರಂದು ಹೊರಡಿಸಿದ ಸೈಬರ್ ಭದ್ರತಾ ಚೌಕಟ್ಟಿನಲ್ಲಿ ಒಳಗೆ ಯಾವ ಯಾವ ಸಿದ್ಧ ಕೋಡ್ ಸೇರಿದೆ ಎಂದು ಹೇಳುವ, ಎಸ್‌ಬಾಮ್ ಎಂದು ಕರೆಯುವ ಈ ಪಟ್ಟಿಯನ್ನು ಕೇಳಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಅದರ ತಾಂತ್ರಿಕ ಮಾರ್ಗಸೂಚಿಯನ್ನೂ ತಂದಿತು. ಮುಂಬೈನ ಬಾಂದ್ರಾ-ಕುರ್ಲಾದಲ್ಲಿ ಕೂತವರು ಕೇಳಿದ್ದನ್ನು ಪುಣೆಯ ಹಿಂಜವಡಿ, ಖರಾಡಿಗಳಲ್ಲಿ ಕೂತವರು ತಯಾರಿಸಿ ಕೊಡಬೇಕು. ಹಾಗೆ ಕೂತವರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದ ನಮ್ಮ ಹುಡುಗ ಹುಡುಗಿಯರು ಕಡಿಮೆಯೇನಿಲ್ಲ. ಈ ಪತ್ರ ಅವರಿಗೆ, ಮತ್ತು ಅವರು ಕೊಟ್ಟ ಪಟ್ಟಿಗೆ ಓದದೆ ಸಹಿ ಹಾಕುವ ಮೇಲಿನವರಿಗೆ.

ನಮ್ಮ ತಕರಾರು ಒಂದೇ. ಈ ಪಟ್ಟಿಗಳನ್ನು ಬಹುಪಾಲು ಸಿದ್ಧವಾದ ಜಾರ್ ಫೈಲನ್ನೋ (ಜಾವಾ ಪ್ರೋಗ್ರಾಮಿನ ಕಟ್ಟು) ಕಂಟೇನರನ್ನೋ (ಪ್ರೋಗ್ರಾಮಿಗೆ ಬೇಕಾದುದೆಲ್ಲ ತುಂಬಿದ ಡಬ್ಬಿ) ಸ್ಕ್ಯಾನ್ ಮಾಡಿ ತೆಗೆಯುತ್ತಾರೆ. ಒಳಗೆ ಯಾವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಉಳಿದಿದೆಯೋ ಅದರ ಹೆಸರು ಬರುತ್ತದೆ. ಬಿಲ್ಡ್, ಅಂದರೆ ಕೋಡನ್ನು ಓಡುವ ಪ್ರೋಗ್ರಾಮಾಗಿ ಕಟ್ಟುವ ಕೆಲಸ, ನಡೆಯುವಾಗ ಬಂದು, ಸಾವಿರಾರು ಸಾಲು ಕೋಡ್ ಬರೆದು ಹೊರಟುಹೋದ ಜನರೇಟರ್ ಎಂಬ ಸಾಧನದ ಹೆಸರು ಅಲ್ಲಿ ಎಲ್ಲೂ ಇರುವುದಿಲ್ಲ. ಖಾರ ಬೀಸಿದ ಗಿರಣಿಯಲ್ಲಿ ಅದರ ಬೆನ್ನಿಗೇ ಜೋಳ ಹಾಕಿದರೆ ರೊಟ್ಟಿ ಬಾಯಿ ಸುಡುತ್ತದೆ ಎಂಬುದು ಉತ್ತರ ಕರ್ನಾಟಕದ ಪ್ರತಿ ಮನೆಗೂ ಗೊತ್ತು. ಹಿಟ್ಟಿನ ಚೀಲದ ಮೇಲೆ ಮಾತ್ರ ‘ಜೋಳ’ ಎಂದಷ್ಟೇ ಬರೆದಿರುತ್ತದೆ.

ಕೋಡ್ ಜನರೇಶನ್ ಎಂದರೆ ಏನೆಂದು ಎರಡು ಸಾಲು. ಎರಡು ವ್ಯವಸ್ಥೆಗಳು ಮಾತಾಡಿಕೊಳ್ಳುವ ಕರಾರನ್ನು ಒಂದು ಸ್ಕೀಮಾ ಫೈಲಿನಲ್ಲಿ ಬರೆದಿಡುತ್ತಾರೆ: ಪ್ರೊಟೊ ಫೈಲ್, ಓಪನ್‌ಎಪಿಐ ಫೈಲ್, ಅಥವಾ ಬ್ಯಾಂಕಿಂಗ್‌ನವರಾದರೆ ಐಎಸ್‌ಒ 20022 ಸಂದೇಶಗಳ ಎಕ್ಸ್‌ಎಸ್‌ಡಿ ಎಂಬ ಎಕ್ಸ್‌ಎಂಎಲ್ ಸ್ಕೀಮಾ. ಬಿಲ್ಡ್ ಶುರುವಾದಾಗ ಜನರೇಟರ್ ಅದನ್ನು ಓದಿ ಜಾವಾ, ಪೈಥಾನ್ ಅಥವಾ ಟೈಪ್‌ಸ್ಕ್ರಿಪ್ಟ್ ಕ್ಲಾಸ್‌ಗಳನ್ನು ಬರೆಯುತ್ತದೆ, ಆಮೇಲೆ ಅವನ್ನು ಗಣಕದ ಭಾಷೆಗೆ ತಿರುಗಿಸುವ ಕಂಪೈಲರ್ ಬರುತ್ತದೆ. ಲೋಂಬೋಕ್, ಮ್ಯಾಪ್‌ಸ್ಟ್ರಕ್ಟ್‌ನಂಥ ಅನೋಟೇಶನ್ ಪ್ರೊಸೆಸರ್‌ಗಳು (ಕೋಡಿನಲ್ಲಿಟ್ಟ ಗುರುತುಚೀಟಿ ನೋಡಿ ಕೋಡ್ ಸೇರಿಸುವಂಥವು) ಕಂಪೈಲರ್‌ನ ಹೊಟ್ಟೆಯೊಳಗೇ ಕೂತು ಇದೇ ಕೆಲಸ ಮಾಡುತ್ತವೆ. ಮನುಷ್ಯರು ಬರೆದ ಕೋಡನ್ನು ಇಬ್ಬರಾದರೂ ಪರಿಶೀಲಿಸುತ್ತಾರೆ. ಹೀಗೆ ಹುಟ್ಟಿದ ಕೋಡನ್ನು ಯಾರೂ ತೆರೆದು ನೋಡುವುದಿಲ್ಲ.

ಮೊದಲ ಜಗಳ ಜನರೇಟರ್‌ಗೂ ಅದರ ರನ್‌ಟೈಮ್ ಲೈಬ್ರರಿಗೂ (ಪ್ರೋಗ್ರಾಮ್ ಓಡುವಾಗ ಜೊತೆಗಿರುವುದು). ಪ್ರೊಟೊ ಫೈಲ್ ಬಳಸುವ ಪ್ರೊಟೊಬಫ್‌ನಲ್ಲಿ ಪ್ರೊಟಾಕ್ ಎಂಬ ಜನರೇಟರ್ ಬರೆದ ಕೋಡ್ ಒಂಟಿಯಾಗಿ ಬದುಕುವುದಿಲ್ಲ, ಪ್ರೊಟೊಬಫ್ ಲೈಬ್ರರಿಯನ್ನು ಕರೆಯುತ್ತಲೇ ಇರುತ್ತದೆ. ಹೊಸ ಪ್ರೊಟಾಕ್ ಬರೆದ ಕೋಡನ್ನು ಹಳೆಯ ಲೈಬ್ರರಿಯ ಮೇಲೆ ಓಡಿಸುವಂತಿಲ್ಲ. ತೀರಾ ಹಳೆಯ ಕೋಡನ್ನು ಹೊಸ ಲೈಬ್ರರಿ ಸೇರಿಸಿಕೊಳ್ಳುವುದಿಲ್ಲ. 2022ರ ಮೇ ತಿಂಗಳಲ್ಲಿ ಪೈಥಾನ್ ಪ್ರೊಟೊಬಫ್ 4.21 ಹೊರಬಂದಾಗ ‘ಇಷ್ಟಕ್ಕಿಂತ ಮೇಲೆ’ ಎಂದು ಬರೆದು ಮೇಲ್ಮಿತಿ ಹಾಕದೆ ಬಿಟ್ಟಿದ್ದ ಹಳೆಯ ಪ್ರೊಟಾಕ್ ಕೋಡಿನ ಅನೇಕ ಪ್ರಾಜೆಕ್ಟುಗಳು ಒಂದಕ್ಷರವೂ ಬದಲಾಗದೆ ಬೆಳಗಾಗುವಷ್ಟರಲ್ಲಿ ನಿಂತವು. ಪ್ರೊಟಾಕ್ 3.19 ಅಥವಾ ಅದಕ್ಕಿಂತ ಹೊಸದರಿಂದ ಕೋಡನ್ನು ಮತ್ತೆ ಬರೆಸಿ, ಇಲ್ಲವೇ ಲೈಬ್ರರಿಯನ್ನು 3.20ಕ್ಕೆ ಇಳಿಸಿ ಎಂದು ದೋಷ ಸಂದೇಶವೇ ಹೇಳುತ್ತಿತ್ತು. ಅಂಕಿಗಳ ಗೊಂದಲ ಬೇರೆ: ಪ್ರೊಟಾಕ್ 21 ಎಂದರೆ ಜಾವಾದಲ್ಲಿ 3.21, ಪೈಥಾನ್‌ನಲ್ಲಿ 4.21. ಜಾವಾದ ಬಿಲ್ಡ್ ಸಾಧನ ಮಾವೆನ್‌ನಲ್ಲಿ ಮಾತ್ರ ಪ್ರೊಟಾಕ್ ಮತ್ತು ಜಾವಾ ಲೈಬ್ರರಿ ಒಂದೇ ಅಂಕಿಯಲ್ಲಿ ಸಿಗುವುದರಿಂದ, ಎರಡನ್ನೂ ಒಂದೇ ಪ್ರಾಪರ್ಟಿಯಿಂದ ಓದಿಸಿದರೆ ಅರ್ಧ ತಲೆನೋವು ಕಳೆಯಿತು.

ಇನ್ನರ್ಧ ಎಲ್ಲಿಂದ ಎಂದರೆ, ನೀವು ಬರೆದ ಅಂಕಿಯೇ ಕೊನೆಗೆ ಉಳಿಯುತ್ತದೆ ಎಂಬ ಖಾತ್ರಿ ಇಲ್ಲ. ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಬೇರೆ ಬೇರೆ ದಾರಿಯಿಂದ ಒಳಗೆ ಬಂದರೆ ಮಾವೆನ್ ಹತ್ತಿರದ ನಂಟನ್ನು ಆರಿಸುತ್ತದೆ. ಯಾವ ಲೈಬ್ರರಿ ಯಾವುದನ್ನು ನೆಚ್ಚಿದೆ ಎಂದು ತೋರಿಸುವ ಡಿಪೆಂಡೆನ್ಸಿ ಮರದಲ್ಲಿ ಕಡಿಮೆ ಆಳದಲ್ಲಿರುವುದೇ ಗೆಲ್ಲುತ್ತದೆ, ಆಳ ಸಮವಿದ್ದರೆ ಮೊದಲು ಬರೆದದ್ದು. ಹೊಸದೋ ಹಳೆಯದೋ ಅದಕ್ಕೆ ಬೇಕಿಲ್ಲ. ಇನ್ನೊಂದು ಬಿಲ್ಡ್ ಸಾಧನ ಗ್ರೇಡಲ್ ಹಾಗಲ್ಲ, ಬೇರೆ ಕಟ್ಟು ಹಾಕದಿದ್ದರೆ ಎಲ್ಲಕ್ಕಿಂತ ದೊಡ್ಡ ಅಂಕಿಯನ್ನು ಹಿಡಿಯುತ್ತದೆ. ಹೀಗಾಗಿ ಮಾವೆನ್‌ನಲ್ಲಿ ಇನ್ಯಾವುದೋ ಎಸ್‌ಡಿಕೆ (ಹೊರಗಿನವರ ಸಾಧನಗಳ ಕಟ್ಟು) ಎಳೆದು ತಂದ ಹಳೆಯ ಪ್ರೊಟೊಬಫ್ ನಿಮ್ಮದನ್ನು ಪಕ್ಕಕ್ಕೆ ತಳ್ಳಬಹುದು. ಕಂಪೈಲ್ ಆದ ಹೊತ್ತಿಗೆ ಎಲ್ಲ ಸರಿಯಿದ್ದು, ಬೇರೊಂದು ಮಾಡ್ಯೂಲಿನ ಜೊತೆ ಕೂಡಿಸಿ ಓಡಿಸಿದಾಗ ‘ಮೆಥಡ್ ಸಿಗಲಿಲ್ಲ’ ಎಂದು ಬೀಳುತ್ತದೆ. ಪರಿಹಾರ ಸರಳ. ಪ್ರೊಟೊಬಫ್‌ನವರೇ ಕೊಡುವ ಬಾಮ್ ಫೈಲನ್ನು (ಇದು ಎಸ್‌ಬಾಮ್ ಅಲ್ಲ, ಒಂದಕ್ಕೊಂದು ಹೊಂದುವ ಆವೃತ್ತಿಗಳ ಪಟ್ಟಿ) ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್ ಭಾಗದಲ್ಲಿ ಸೇರಿಸಿ. ಮಾವೆನ್‌ಗೆ ಜೋಡಿಸುವ ಎನ್‌ಫೋರ್ಸರ್ ಪ್ಲಗಿನ್ನಿನ ‘ರಿಕ್ವೈರ್ ಅಪ್ಪರ್ ಬೌಂಡ್ ಡೆಪ್ಸ್’ ನಿಯಮವನ್ನು ಚಾಲೂ ಮಾಡಿ. ಯಾರಾದರೂ ಕೇಳಿದ್ದಕ್ಕಿಂತ ಹಳೆಯ ಆವೃತ್ತಿ ಗೆದ್ದರೆ ಬಿಲ್ಡ್ ಅಲ್ಲಿಯೇ ನಿಲ್ಲುತ್ತದೆ. ರಾತ್ರಿ ಎರಡಕ್ಕೆ ಸರ್ವರ್‌ನಲ್ಲಿ ಬೀಳುವುದಕ್ಕಿಂತ ಹಗಲು ಹನ್ನೊಂದಕ್ಕೆ ಬಿಲ್ಡ್‌ನಲ್ಲಿ ಬಿದ್ದರೆ ವಾಸಿ.

ಎಕ್ಸ್‌ಎಸ್‌ಡಿ ನಂಬಿದವರಿಗೆ ಬೇರೆಯೇ ಪಾಡು. ಅದರಿಂದ ಕೋಡ್ ಬರೆಯುವ ಎಕ್ಸ್‌ಜೆಸಿ ಜನರೇಟರ್ ಹಿಂದೆ ಜಾವಾದ ಮೂಲ ಸಾಧನಗಳ ಕಟ್ಟಾದ ಜೆಡಿಕೆಯ ಜೊತೆಗೇ ಬರುತ್ತಿತ್ತು. 2018ರ ಜೆಡಿಕೆ 11ರಲ್ಲಿ ಅದನ್ನು ತೆಗೆದುಹಾಕಿದರು. ಅಲ್ಲಿಯವರೆಗೆ ಅದು ಒಂದು ಡಿಪೆಂಡೆನ್ಸಿ ಎಂದು ಯಾರೂ ಬರೆದಿಟ್ಟಿರಲಿಲ್ಲ, ಮನೆಯಲ್ಲೇ ಇತ್ತಲ್ಲ. ಆಮೇಲೆ ಪ್ಯಾಕೇಜಿನ ಹೆಸರೇ ಜಾವಾಎಕ್ಸ್‌ನಿಂದ ಜಕಾರ್ತಾಕ್ಕೆ ಬದಲಾಯಿತು. 2022ರ ಕೊನೆಗೆ ಬಂದ ಜಾವಾ ಚೌಕಟ್ಟು ಸ್ಪ್ರಿಂಗ್ ಬೂಟ್ 3ಕ್ಕೆ ಜಕಾರ್ತಾವೇ ಬೇಕು. ಜನರೇಟರ್ 2ನೆಯ ಸರಣಿಯಲ್ಲೇ ಉಳಿದು ಲೈಬ್ರರಿ ಮಾತ್ರ ಮುಂದೆ ಹೋದರೆ, ನೂರಾರು ಕ್ಲಾಸ್‌ಗಳು ಇಲ್ಲದ ಪ್ಯಾಕೇಜನ್ನು ಹುಡುಕುತ್ತ ಒಟ್ಟಿಗೆ ಒಡೆಯುತ್ತವೆ. ಇನ್ನೊಂದು ಸಣ್ಣ ಮುಳ್ಳು: ಎಕ್ಸ್‌ಎಸ್‌ಡಿ ಒಳಗೆ ಇನ್ನೊಂದು ಸ್ಕೀಮಾದ ವಿಳಾಸ ವೆಬ್ ಕೊಂಡಿಯಾಗಿದ್ದರೆ ಎಕ್ಸ್‌ಜೆಸಿ ಪ್ರತಿ ಬಿಲ್ಡ್‌ಗೂ ಇಂಟರ್‌ನೆಟ್‌ಗೆ ಓಡುತ್ತದೆ. ಆಚೆಯವರು ಫೈಲ್ ತಿದ್ದಿದರೆ ನಿಮ್ಮ ಕೋಡ್ ತಾನಾಗಿ ಬದಲಾಯಿತು, ಸೈಟ್ ಮಲಗಿದರೆ ಬಿಲ್ಡ್ ಮಲಗಿತು. ಕ್ಯಾಟಲಾಗ್ ಫೈಲ್ ಕೊಟ್ಟು ಆ ಕೊಂಡಿಯನ್ನು ರೆಪೊದೊಳಗಿನ (ನಿಮ್ಮ ಕೋಡ್ ಭಂಡಾರದೊಳಗಿನ) ಪ್ರತಿಯ ಕಡೆ ತಿರುಗಿಸಬೇಕು.

ಲೋಂಬೋಕ್ ಬಳಸುವವರಿಗೆ ಜೆಡಿಕೆ 23 ಇಂಥದೇ ಪೆಟ್ಟು ಕೊಟ್ಟಿತು. ಕ್ಲಾಸ್‌ಪಾತ್‌ನಲ್ಲಿ (ಕಂಪೈಲರ್ ಲೈಬ್ರರಿ ಹುಡುಕುವ ಜಾಗ) ಸುಮ್ಮನೆ ಬಿದ್ದಿರುವ ಪ್ರೊಸೆಸರ್‌ಗಳನ್ನು ತಾನಾಗಿ ಓಡಿಸುವುದನ್ನು 2024ರ ಸೆಪ್ಟೆಂಬರಿನ ಆ ಆವೃತ್ತಿ ನಿಲ್ಲಿಸಿತು. ‘ಗೆಟ್‌ನೇಮ್ ಸಿಗುತ್ತಿಲ್ಲ’ ಎಂಬ ಸಾಲುಗಳು ಪುಟಗಟ್ಟಲೆ ಬಂದರೆ ಕಾರಣ ಇದೇ ಇರಬಹುದು. ‘ಪ್ರೊಕ್ ಫುಲ್’ ಎಂಬ ಆಯ್ಕೆ ಕೊಟ್ಟು ಹಳೆಯ ರೂಢಿಗೆ ಮರಳುವುದು ಸುಲಭವಾದರೂ ನಮ್ಮ ಸಲಹೆ ಬೇರೆ: ಕಂಪೈಲರ್ ಪ್ಲಗಿನ್ನಿನ ಅನೋಟೇಶನ್ ಪ್ರೊಸೆಸರ್ ಪಾತ್‌ನಲ್ಲಿ ಯಾವ ಪ್ರೊಸೆಸರ್, ಯಾವ ಆವೃತ್ತಿ ಎಂದು ಹೆಸರಿಸಿ. ನಿಲ್ಲಿಸಿದ್ದು ಒಳ್ಳೆಯದಕ್ಕೇ. ಕ್ಲಾಸ್‌ಪಾತ್‌ಗೆ ಬಂದ ಯಾವುದೇ ಜಾರ್ ಕಂಪೈಲರ್‌ನೊಳಗೆ ತನ್ನ ಕೋಡ್ ಓಡಿಸಬಹುದಾಗಿದ್ದೇ ತಪ್ಪಾಗಿತ್ತು. ಲೋಂಬೋಕ್ ಜೊತೆ ಮ್ಯಾಪ್‌ಸ್ಟ್ರಕ್ಟ್ ಕೂಡ ಇದ್ದರೆ, ಲೋಂಬೋಕ್ 1.18.16ರಿಂದ ಈಚೆಗೆ ಇವೆರಡರ ನಡುವಿನ ಬೈಂಡಿಂಗ್ ಜಾರನ್ನೂ ಅಲ್ಲಿಯೇ ಸೇರಿಸಬೇಕು. ಇಲ್ಲವಾದರೆ ಮ್ಯಾಪ್‌ಸ್ಟ್ರಕ್ಟ್ ಬರೆಯುವ ಮ್ಯಾಪರ್‌ಗಳು ಫೀಲ್ಡ್‌ಗಳನ್ನು ಕಾಣದೆ ಖಾಲಿ ಹೋಗುತ್ತವೆ.

ಈಗ ಗಿರಣಿಯಲ್ಲಿ ಉಳಿದ ಖಾರದ ವಿಷಯ. ಹುಟ್ಟಿಸಿದ ಕೋಡನ್ನು ಕೈಯಾರೆ ಬರೆದ ಕೋಡಿನ ಫೋಲ್ಡರ್‌ನಲ್ಲಿ ಸುರಿಯುವ ರೂಢಿ ಇನ್ನೂ ಹೋಗಿಲ್ಲ. ಸ್ಕೀಮಾದಿಂದ ಒಂದು ಸಂದೇಶವನ್ನು ತೆಗೆದುಹಾಕಿದರೂ ಅದರ ಹಳೆಯ ಕ್ಲಾಸ್ ಅಲ್ಲಿಯೇ ಬಿದ್ದಿರುತ್ತದೆ, ಕಂಪೈಲ್ ಆಗುತ್ತಲೇ ಇರುತ್ತದೆ, ಯಾರೋ ಅದನ್ನು ಕರೆಯುತ್ತಲೇ ಇರುತ್ತಾರೆ. ಹೊಸ ಹುಡುಗ ರೆಪೊ ಇಳಿಸಿಕೊಂಡು ಬಿಲ್ಡ್ ಮಾಡಿದ ದಿನ ಗುಟ್ಟು ರಟ್ಟಾಗುತ್ತದೆ. ಮಾವೆನ್‌ನಲ್ಲಿ ಟಾರ್ಗೆಟ್ ಒಳಗಿನ ಜನರೇಟೆಡ್-ಸೋರ್ಸಸ್, ಗ್ರೇಡಲ್‌ನಲ್ಲಿ ಬಿಲ್ಡ್ ಫೋಲ್ಡರ್: ಅದರ ಜಾಗ ಅದು. ‘ಕ್ಲೀನ್’ ಎಂದಾಗ ಗುಡಿಸಿಕೊಂಡು ಹೋಗಬೇಕು.

ಮರುಹುಟ್ಟು ಯಾವಾಗ ಆಗಬೇಕು ಎಂಬುದೇ ಎಲ್ಲಕ್ಕಿಂತ ಸೂಕ್ಷ್ಮ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಬಿಲ್ಡ್ ಸಾಧನ ಮೇಕ್, ಫೈಲಿನ ವೇಳೆ ನೋಡಿ ತೀರ್ಮಾನಿಸುತ್ತದೆ: ಮೂಲ ಹೊಸದಾಗಿದ್ದರೆ ಫಲವನ್ನು ಮತ್ತೆ ಮಾಡು. ಆದರೆ ಕೋಡಿನ ಇತಿಹಾಸ ಕಾಯುವ ಗಿಟ್, ಫೈಲ್ ಇಳಿಸುವಾಗ ಹಳೆಯ ವೇಳೆಯನ್ನು ಕಾಪಾಡುವುದಿಲ್ಲ, ಇಳಿಸಿದ ಕ್ಷಣವೇ ಅದರ ವೇಳೆ. ಸ್ಕೀಮಾವನ್ನೂ ಹುಟ್ಟಿಸಿದ ಕೋಡನ್ನೂ ಎರಡನ್ನೂ ಕಮಿಟ್ ಮಾಡಿದ್ದರೆ (ಗಿಟ್‌ನಲ್ಲಿ ಸೇರಿಸಿಟ್ಟಿದ್ದರೆ) ಯಾವುದು ಮೊದಲು ಇಳಿಯಿತೋ ಅದರ ಮೇಲೆ ಬಿಲ್ಡ್‌ನ ಹಣೆಬರಹ. ಜನರೇಟರ್ ನಡುವೆ ಸತ್ತು ಅರ್ಧ ಫೈಲ್ ಬಿಟ್ಟು ಹೋದರೆ ಅದರ ವೇಳೆ ಹೊಸದು, ಹಾಗಾಗಿ ಮೇಕ್ ಮುಂದಿನ ಸಲ ಅದನ್ನು ಮುಟ್ಟುವುದೇ ಇಲ್ಲ. ‘ಡಿಲೀಟ್ ಆನ್ ಎರರ್’ ಎಂಬ ವಿಶೇಷ ಟಾರ್ಗೆಟನ್ನು ಮೇಕ್‌ಫೈಲಿನಲ್ಲಿ ಬರೆಯಿರಿ, ಇಲ್ಲವೇ ತಾತ್ಕಾಲಿಕ ಹೆಸರಿನಲ್ಲಿ ಬರೆಸಿ ಮುಗಿದ ಮೇಲೆ ಹೆಸರು ಬದಲಿಸಿ. ಒಂದೇ ಸ್ಕೀಮಾದಿಂದ ಹೆಡರ್ ಮತ್ತು ಸಿ ಫೈಲ್ ಎರಡೂ ಹುಟ್ಟುವ ನಿಯಮವನ್ನು ಸಾದಾ ಬರೆದರೆ, ಸಮಾಂತರ ಬಿಲ್ಡ್‌ನಲ್ಲಿ ಜನರೇಟರ್ ಎರಡು ಸಲ ಏಕಕಾಲಕ್ಕೆ ಓಡಿ ಒಂದರ ಮೇಲೊಂದು ಬರೆಯುತ್ತದೆ. 2020ರ ಗ್ನು ಮೇಕ್ 4.3ರಲ್ಲಿ ಇದಕ್ಕೆಂದೇ ಗುಂಪು ಟಾರ್ಗೆಟ್ ಬಂತು. ಕೋಲನ್‌ಗೆ ಮೊದಲು ಒಂದು & ಚಿಹ್ನೆ ಇಟ್ಟರೆ ಸಾಕು.

ಗ್ರೇಡಲ್ ವೇಳೆಯನ್ನು ಬಿಟ್ಟು ಫೈಲಿನ ಒಳಹೂರಣದ ಹ್ಯಾಶ್ (ಬೆರಳಚ್ಚಿನಂಥ ಗುರುತು) ನೋಡುತ್ತದೆ, ಅಷ್ಟು ಜಾಣ. ಆದರೆ ಯಾವ ಫೈಲ್ ನೋಡಬೇಕೆಂದು ನೀವು ಹೇಳಬೇಕು. ಸ್ಕೀಮಾವನ್ನು ಇನ್‌ಪುಟ್ ಎಂದು ಬರೆದು, ಅದು ಇಂಪೋರ್ಟ್ ಮಾಡುವ ಪಕ್ಕದ ಫೋಲ್ಡರಿನ ಸ್ಕೀಮಾವನ್ನೋ ಟೆಂಪ್ಲೇಟನ್ನೋ ಮರೆಯುವುದು ದಿನನಿತ್ಯದ ತಪ್ಪು. ಟೆಂಪ್ಲೇಟ್ ತಿದ್ದಿದರೂ ಗ್ರೇಡಲ್ ‘ಎಲ್ಲ ತಾಜಾ ಇದೆ’ ಎನ್ನುತ್ತದೆ. ಜನರೇಟರ್‌ನ ಜಾರ್ ಸ್ವತಃ ಒಂದು ಇನ್‌ಪುಟ್ ಎಂಬುದನ್ನು ಇನ್ನೂ ಹೆಚ್ಚು ಜನ ಮರೆಯುತ್ತಾರೆ. ಹಿಂದೆ ಕಟ್ಟಿದ್ದನ್ನು ಕೂಡಿಡುವ ಬಿಲ್ಡ್ ಕ್ಯಾಶನ್ನು ಇಡೀ ತಂಡ ಹಂಚಿಕೊಂಡಿದ್ದರೆ ಒಬ್ಬರ ಹಳಸಲು ಎಲ್ಲರ ತಟ್ಟೆಗೆ.

ಹುಟ್ಟಿಸಿದ ಕೋಡನ್ನು ಕಮಿಟ್ ಮಾಡಬೇಕೇ ಬೇಡವೇ ಎಂಬ ವಾದ ಹಿಂಜವಡಿಯ ಟ್ರಾಫಿಕ್‌ನಂತೆ ಮುಗಿಯುವುದೇ ಇಲ್ಲ. ನಮ್ಮ ಅಭಿಪ್ರಾಯ: ಬೇಡ. ಗೋ ಭಾಷೆಯವರಿಗೆ ವಿನಾಯಿತಿ, ಏಕೆಂದರೆ ‘ಗೋ ಬಿಲ್ಡ್’ ತಾನಾಗಿ ‘ಗೋ ಜನರೇಟ್’ ಓಡಿಸುವುದಿಲ್ಲ, ನಿಮ್ಮ ಮಾಡ್ಯೂಲ್ ಎಳೆದುಕೊಳ್ಳುವವರ ಬಳಿ ಜನರೇಟರ್ ಇರುವುದೂ ಇಲ್ಲ. ಕಮಿಟ್ ಮಾಡಲೇಬೇಕಾದ ಕಡೆ ಸಿಐನಲ್ಲಿ (ತಾನಾಗಿ ಬಿಲ್ಡ್ ಮಾಡುವ ಸರ್ವರ್) ಮತ್ತೆ ಹುಟ್ಟಿಸಿ, ಬದಲಾವಣೆ ಕಂಡರೆ ಬಿಲ್ಡ್ ಬೀಳಿಸಿ. ಇದಕ್ಕೆ ಹೆಚ್ಚಿನವರು ‘ಗಿಟ್ ಡಿಫ್’ ಹಾಕುತ್ತಾರೆ. ಹೊಸದಾಗಿ ಹುಟ್ಟಿದ, ಗಿಟ್‌ಗೆ ಇನ್ನೂ ಗುರುತಿಲ್ಲದ ಫೈಲ್ ಅದಕ್ಕೆ ಕಾಣುವುದಿಲ್ಲ. ‘ಗಿಟ್ ಸ್ಟೇಟಸ್’ಗೆ ‘ಪೋರ್ಸಲೇನ್’ ಆಯ್ಕೆ ಕೊಟ್ಟು, ಒಂದು ಸಾಲು ಬಂದರೂ ತಪ್ಪೆಂದು ಎಣಿಸಿ.

ಈ ಪರೀಕ್ಷೆ ನಡೆಯಬೇಕಾದರೆ ಒಂದೇ ಮೂಲದಿಂದ ಪ್ರತಿ ಸಲವೂ ಒಂದೇ ಫಲ ಬರಬೇಕು. ಎಕ್ಸ್‌ಜೆಸಿಯ ಹಳೆಯ ಆವೃತ್ತಿಗಳು ಫೈಲಿನ ತಲೆಯ ಮೇಲೆ ಹುಟ್ಟಿದ ದಿನಾಂಕ, ಗಂಟೆ ಬರೆಯುತ್ತವೆ. ‘ನೋ ಹೆಡರ್’ ಆಯ್ಕೆಯಿಂದ ಅದನ್ನು ಬಾಯಿ ಮುಚ್ಚಿಸಬಹುದು. ಸ್ವಂತ ಜನರೇಟರ್ ಬರೆದವರು ಹ್ಯಾಶ್‌ಮ್ಯಾಪ್ ಕೊಟ್ಟ ಕ್ರಮದಲ್ಲೋ, ಫೋಲ್ಡರ್ ಓದಿದಾಗ ಸಿಕ್ಕ ಕ್ರಮದಲ್ಲೋ ಬರೆಯದೆ ಹೆಸರುಗಳನ್ನು ಮೊದಲು ವಿಂಗಡಿಸಿಕೊಳ್ಳಬೇಕು. ಜಾರ್ ಒಳಗಿನ ವೇಳೆಗೆ ಮಾವೆನ್‌ನ ‘ಔಟ್‌ಪುಟ್ ಟೈಮ್‌ಸ್ಟ್ಯಾಂಪ್’ ಪ್ರಾಪರ್ಟಿ ಇದೆ. ಎರಡು ಬೇರೆ ಫೋಲ್ಡರ್‌ಗಳಲ್ಲಿ, ಒಂದು ಗಂಟೆ ಅಂತರದಲ್ಲಿ ಬಿಲ್ಡ್ ಮಾಡಿ ಎರಡೂ ಜಾರ್‌ಗಳ ಎಸ್‌ಎಚ್‌ಎ 256 ಹ್ಯಾಶ್ ಹೋಲಿಸಿ. ಬೇರೆ ಬಂದರೆ ಡಿಫೋಸ್ಕೋಪ್ ಎಂಬ ಸಾಧನ ವ್ಯತ್ಯಾಸ ಎಲ್ಲಿ ಎಂದು ತೋರಿಸುತ್ತದೆ.

ಕನ್ನಡ ಅಕ್ಷರ ಇರುವ ಪ್ರಾಜೆಕ್ಟಿಗೆ ಇಲ್ಲೊಂದು ವಿಶೇಷ ಗುಂಡಿ. ಜೆಡಿಕೆ 18ಕ್ಕಿಂತ ಮುಂಚೆ ಅಕ್ಷರಗಳನ್ನು ಅಂಕಿಯಾಗಿಸುವ ಜಾವಾದ ಸಹಜ ಎನ್‌ಕೋಡಿಂಗ್ ಆಯಾ ಗಣಕದ್ದು. ಲೊಕೇಲ್ (ಭಾಷೆ-ಲಿಪಿಯ ಆಯ್ಕೆ) ಹೊಂದಿಸದ ಲಿನಕ್ಸ್ ಕಂಟೇನರಿನಲ್ಲಿ ಅದು ಬರೀ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರಗಳಿಗಷ್ಟೇ ಜಾಗ. ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಹುಟ್ಟಿದ ‘ನಮಸ್ಕಾರ’, ಸಿಐನಲ್ಲಿ ಏಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಹುಟ್ಟುತ್ತದೆ. ಒತ್ತಕ್ಷರ, ಕಾಗುಣಿತ ಬಿಡಿಸಿದರೆ ಅದರಲ್ಲಿ ಏಳು ಯುನಿಕೋಡ್ ಬಿಂದುಗಳಿವೆ, ಒಂದೊಂದಕ್ಕೂ ಒಂದೊಂದು ಚಿಹ್ನೆ. ಬಿಲ್ಡ್ ಮಾತ್ರ ಹಸಿರು. ಮಾವೆನ್‌ನಲ್ಲಿ ಸೋರ್ಸ್ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆದಿದ್ದೇವಲ್ಲ ಎನ್ನುತ್ತಾರೆ. ಪ್ರತ್ಯೇಕ ಜೆವಿಎಂನಲ್ಲಿ (ಜಾವಾ ಓಡಿಸುವ ವ್ಯವಸ್ಥೆ) ಓಡುವ ಜನರೇಟರ್‌ಗೆ ಆ ಮಾತು ತಲುಪುವುದಿಲ್ಲ, ಅದಕ್ಕೆ ‘ಫೈಲ್ ಎನ್‌ಕೋಡಿಂಗ್’ ಆಯ್ಕೆಯನ್ನು ಬೇರೆಯಾಗಿಯೇ ಕೊಡಬೇಕು.

ಇಷ್ಟೆಲ್ಲ ಕೆಟ್ಟ ಅಭ್ಯಾಸದ ಫಲ. ಕೆಟ್ಟ ಉದ್ದೇಶ ಸೇರಿದರೆ ಏನಾಗುತ್ತದೆ ಎಂಬುದನ್ನು 2024ರ ಮಾರ್ಚ್ 29ರಂದು ಜಗತ್ತು ಕಂಡಿತು. ಎಕ್ಸ್‌ಝಡ್ ಎಂಬ ಕಂಪ್ರೆಶನ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇತ್ತು. ಗಿಟ್ ರೆಪೊದಲ್ಲಿ ಕೂತು ಮೂಲ ಕೋಡ್ ಓದಿದವರಿಗೆ ಅದು ಸಿಗುವಂತಿರಲಿಲ್ಲ. ಪರೀಕ್ಷೆಗೆಂದು ಇಟ್ಟಿದ್ದ ಬೈನರಿ ಫೈಲ್‌ಗಳಲ್ಲಿ ವಿಷ ಅಡಗಿತ್ತು, ಅದನ್ನು ಬಿಚ್ಚಿ ಬಿಲ್ಡ್‌ಗೆ ಸೇರಿಸುವ ಎಂ4 ಸ್ಕ್ರಿಪ್ಟ್ ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಜನರಿಗೆ ಹಂಚುವ ಕಟ್ಟು) ಮಾತ್ರ ಇತ್ತು. ದೂರದ ಸರ್ವರ್‌ಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಯಾಕೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಕೆದಕದಿದ್ದರೆ ಅದು ಇನ್ನೂ ಎಷ್ಟು ಸರ್ವರ್‌ಗಳಿಗೆ ಹೋಗುತ್ತಿತ್ತೋ. ಕೇಡು ನಡೆದದ್ದು ಬಿಲ್ಡ್ ಹೊತ್ತಿನಲ್ಲಿ. ನಮ್ಮ ಪಟ್ಟಿಗಳು ನೋಡದಿರುವುದೂ ಅದೇ ಹೊತ್ತನ್ನು.

ಆವೃತ್ತಿಯನ್ನು ಪಿನ್ ಮಾಡುವ, ಅಂದರೆ ಒಂದೇ ಅಂಕಿಗೆ ಕಟ್ಟಿಹಾಕುವ ವಿಷಯ ಬಲ್ಲವರೇ ಹೆಚ್ಚು, ಆದರೂ ಎರಡು ಮಾತು. ಜಾವಾಸ್ಕ್ರಿಪ್ಟ್‌ನವರ ಎನ್‌ಪಿಎಂನಲ್ಲಿ ಆವೃತ್ತಿಗಳನ್ನು ಬರೆದಿಟ್ಟ ಲಾಕ್ ಫೈಲ್ ಇದ್ದರೂ ಸಿಐನಲ್ಲಿ ‘ಎನ್‌ಪಿಎಂ ಇನ್‌ಸ್ಟಾಲ್’ ಬರೆದರೆ ಅದು ಲಾಕನ್ನೇ ತಿದ್ದಬಹುದು. ‘ಎನ್‌ಪಿಎಂ ಸಿಐ’ ಎಂದರೆ ಲಾಕಿಗೂ ಪ್ಯಾಕೇಜ್ ಫೈಲಿಗೂ ಹೊಂದದಿದ್ದಾಗ ನಿಂತುಬಿಡುತ್ತದೆ. ಆಂತರಿಕ ಪ್ಯಾಕೇಜುಗಳಿಗೆ ಸ್ಕೋಪ್ (ಕಂಪನಿಯ ಗುರುತು) ಇಲ್ಲದ ಸಾದಾ ಹೆಸರು ಇಡಬೇಡಿ. ಅದೇ ಹೆಸರಿನಲ್ಲಿ ಹೊರಗಿನ ರಿಜಿಸ್ಟ್ರಿಯಲ್ಲಿ ದೊಡ್ಡ ಅಂಕಿಯ ಪ್ಯಾಕೇಜ್ ಇಟ್ಟು ದೊಡ್ಡ ದೊಡ್ಡ ಕಂಪನಿಗಳ ಬಿಲ್ಡ್ ಒಳಗೆ ಹೊಕ್ಕು ತೋರಿಸಿದ್ದನ್ನು ಅಲೆಕ್ಸ್ ಬಿರ್ಸಾನ್ 2021ರಲ್ಲಿ ಬರೆದಿದ್ದಾರೆ.

ಪಟ್ಟಿಗೆ ಮರಳೋಣ. ಮಾವೆನ್ ಬಳಸುವವರು ಡಿಪೆಂಡೆನ್ಸಿ ಪ್ಲಗಿನ್ನಿನ ‘ಟ್ರೀ’ ಓಡಿಸಿ ಎಲ್ಲ ಸಿಕ್ಕಿತೆಂದುಕೊಳ್ಳುತ್ತಾರೆ. ಪ್ಲಗಿನ್ನುಗಳೂ ಅವು ಎಳೆದು ತರುವ ಲೈಬ್ರರಿಗಳೂ ಅದರಲ್ಲಿ ಬರುವುದಿಲ್ಲ. ಅದೇ ಪ್ಲಗಿನ್ನಿನ ‘ರಿಸಾಲ್ವ್ ಪ್ಲಗಿನ್ಸ್’ ಓಡಿಸಿ ನೋಡಿ, ಪಟ್ಟಿ ಎಷ್ಟು ಉದ್ದವೆಂದು ಮೊದಲ ಸಲ ಗೊತ್ತಾಗುತ್ತದೆ. ಗ್ರೇಡಲ್‌ನ ವೆರಿಫಿಕೇಶನ್ ಮೆಟಾಡೇಟಾ ಫೈಲ್ ಪ್ಲಗಿನ್ನುಗಳ ಹ್ಯಾಶನ್ನೂ ಕಾಯುತ್ತದೆ, ಗ್ರೇಡಲನ್ನೇ ಇಳಿಸಿಕೊಡುವ ವ್ರ್ಯಾಪರ್‌ನಲ್ಲೂ ಹ್ಯಾಶ್ ಬರೆಯುವ ಸಾಲು ಇದೆ. ಎನ್‌ಪಿಎಂ ಕಡೆ ‘ಡೆವ್’ (ಕೋಡ್ ಬರೆಯುವಾಗ ಮಾತ್ರ ಬೇಕಾದವು) ಗುಂಪನ್ನು ಬಿಟ್ಟು ಆಡಿಟ್ ಮಾಡುವುದು ರೂಢಿಯಾಗಿಬಿಟ್ಟಿದೆ, ಜನರೇಟರ್‌ಗಳು ಕೂತಿರುವುದು ಆ ಗುಂಪಿನಲ್ಲೇ. ಬರೆಯಲು ಕಾಲಂ ಇಲ್ಲ ಎಂಬ ನೆಪವೂ ಇಲ್ಲ. ಎಸ್‌ಬಾಮ್ ಬರೆಯುವ ಎಸ್‌ಪಿಡಿಎಕ್ಸ್ ನಮೂನೆಯಲ್ಲಿ ‘ಇದು ಅದರ ಬಿಲ್ಡ್ ಸಾಧನ’, ‘ಇದು ಅದರಿಂದ ಹುಟ್ಟಿದ್ದು’ ಎಂಬ ಸಂಬಂಧಗಳಿವೆ. ಇನ್ನೊಂದು ನಮೂನೆ ಸೈಕ್ಲೋನ್‌ಡಿಎಕ್ಸ್ 1.5ರಲ್ಲಿ, ಅಂದರೆ 2023ರಿಂದ, ಹೇಗೆ ಕಟ್ಟಿದಿರಿ ಎಂದು ಬರೆಯಲು ‘ಫಾರ್ಮುಲೇಶನ್’ ಎಂಬ ಭಾಗವೇ ಇದೆ.

ಆದ್ದರಿಂದ ಮುಂಬೈನಲ್ಲಿ ಸಾಫ್ಟ್‌ವೇರ್ ಕೊಳ್ಳುವ ಬ್ರೋಕರ್, ಮ್ಯೂಚುವಲ್ ಫಂಡ್ ಸಂಸ್ಥೆಗಳವರು ಪದಾರ್ಥಪಟ್ಟಿಯ ಜೊತೆಗೆ ಇನ್ನೊಂದು ಹಾಳೆ ಕೇಳಲಿ: ಜೆಡಿಕೆ, ಬಿಲ್ಡ್ ಸಾಧನ, ಪ್ರತಿ ಪ್ಲಗಿನ್, ಪ್ರತಿ ಜನರೇಟರ್, ಪ್ರತಿ ಅನೋಟೇಶನ್ ಪ್ರೊಸೆಸರ್, ಬಿಲ್ಡ್ ನಡೆದ ಕಂಟೇನರಿನ ಡೈಜೆಸ್ಟ್ (ಹ್ಯಾಶ್), ಹಾಗೂ ಯಾವ ಸ್ಕೀಮಾದ ಯಾವ ಕಮಿಟ್‌ನಿಂದ ಕೋಡ್ ಹುಟ್ಟಿತು ಎಂಬುದು. ಕಂಟೇನರ್‌ಗೆ ‘ಲೇಟೆಸ್ಟ್’ ಎಂದು ಬರೆದು ಕೊಟ್ಟರೆ ಹಾಳೆಯನ್ನು ವಾಪಸ್ ಕಳಿಸಲಿ.

ಇಂತಿ,
ಸಾಫ್ಟ್‌ವೇರ್ ಕೆಲಸದಲ್ಲಿರುವ ಕೆಲವು ಕನ್ನಡ ಓದುಗರು
ವಾಕಡ, ಪುಣೆ